ಎಡಿನ್‌ಬರಾದಲ್ಲಿ ಎರಡೂವರೆ ದಿನ: ಮ್ಯಾಪ್ ನಂಬಿ ಸುಸ್ತಾದೆವು, ಮ್ಯೂಸಿಯಂ ಕಾಪಾಡಿತು

ಮೊದಲೇ ಹೇಳಿಬಿಡುತ್ತೇನೆ. ಊರಿಗೆ ಐದಕ್ಕೆ ನಾಲ್ಕೂವರೆ. ನಾವು ಉಳಿದುಕೊಂಡ ರೂಮಿಗೆ ಎರಡು. ಆ ಎರಡು ಕೂಡ ಬಿಸಿನೀರು ಚೆನ್ನಾಗಿ ಬರುತ್ತಿತ್ತು ಅನ್ನೋ ಒಂದೇ ಕಾರಣಕ್ಕೆ.

ಮೇ ಕೊನೆಯಲ್ಲಿ ಅಮ್ಮನನ್ನು ಕರೆದುಕೊಂಡು ಲಂಡನ್‌ನಿಂದ ಸ್ಕಾಟ್‌ಲೆಂಡಿನ ರಾಜಧಾನಿ ಎಡಿನ್‌ಬರಾಗೆ ರೈಲಿನಲ್ಲಿ ಹೋಗಿದ್ದೆ. ಅಮ್ಮನಿಗೆ 66, ಬಲ ಮಂಡಿ ಆಗಾಗ ತಕರಾರು ಮಾಡುತ್ತದೆ. ಕಿಂಗ್ಸ್ ಕ್ರಾಸ್‌ನಿಂದ ಸುಮಾರು ನಾಲ್ಕೂವರೆ ಗಂಟೆ ದಾರಿ. ಸೀಟು ಬುಕ್ ಮಾಡುವಾಗ ರೈಲು ಹೋಗುವ ದಿಕ್ಕಿಗೆ ಬಲಗಡೆ ಕಿಟಕಿ ಕೇಳಿ. ನ್ಯೂಕ್ಯಾಸಲ್ ದಾಟಿದ ಮೇಲೆ, ಬೆರಿಕ್ ಹತ್ತಿರ, ಸಮುದ್ರ ಹಳಿಯ ಪಕ್ಕಕ್ಕೇ ಬಂದುಬಿಡುತ್ತದೆ.

ಈಗ ರೂಮಿನ ಕಥೆ. ನಾನು ಮ್ಯಾಪ್ ನೋಡಿ ಬುಕ್ ಮಾಡಿದ್ದೆ. ವೇವರ್ಲಿ ಸ್ಟೇಷನ್‌ನಿಂದ ನಡೆದರೆ ಹತ್ತು ನಿಮಿಷ, ಕೋಟೆಗೂ ಹತ್ತಿರ, ಇನ್ನೇನು ಬೇಕು ಅಂದುಕೊಂಡೆ. ಆದರೆ ಎಡಿನ್‌ಬರಾದ ಹಳೇ ಊರು ಒಂದು ದಿಬ್ಬದ ಬೆನ್ನ ಮೇಲೆ ಕೂತಿದೆ. ಅದರ ಎರಡೂ ಪಕ್ಕ ತಗ್ಗು, ತಗ್ಗಿನ ಮೇಲೆ ಸೇತುವೆಗಳು. ಮ್ಯಾಪಿನಲ್ಲಿ ಎರಡು ಬೀದಿ ಸೇರುವ ಹಾಗೆ ಕಾಣುತ್ತದೆ, ನಿಜವಾಗಿ ನೋಡಿದರೆ ಒಂದು ಮೇಲೆ, ಇನ್ನೊಂದು ಪಾತಾಳದಲ್ಲಿ. ಜಾರ್ಜ್ ದಿ ಫೋರ್ತ್ ಬ್ರಿಜ್ ಅನ್ನೋ ರಸ್ತೆಯಲ್ಲಿ ಸೂಟ್‌ಕೇಸ್ ಹಿಡಿದು ನಿಂತಿದ್ದೆವು. ಫೋನಿನ ನೀಲಿ ಚುಕ್ಕಿ ‘ಬಂದಾಯ್ತು’ ಅಂತಿತ್ತು. ಕಟ್ಟೆಯಿಂದ ಬಗ್ಗಿ ನೋಡಿದರೆ ನಾವು ಹೋಗಬೇಕಾಗಿದ್ದ ಕೌಗೇಟ್ ಬೀದಿ ಎಷ್ಟೋ ಮಹಡಿ ಕೆಳಗೆ! ಅಮ್ಮ ಕೆಳಗೆ ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಸುತ್ತಿ ಇಳಿದು ಹೋದರೆ, ರೂಮು ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ. ಆ ವಿಷಯ ಬುಕಿಂಗ್ ಪುಟದ ತೀರಾ ಕೆಳಗೆ, ‘ಹಳೆಯ ಕಟ್ಟಡದ ಸೊಬಗು’ ಅನ್ನೋ ಧಾಟಿಯಲ್ಲಿ ಬರೆದಿತ್ತು. ಸುರುಳಿ ಸುತ್ತುವ ಕಲ್ಲಿನ ಮೆಟ್ಟಿಲು, ನಡುವೆ ಸವೆದು ಬಟ್ಟಲಿನ ಹಾಗೆ ಗುಳಿ ಬಿದ್ದಿದೆ. ನೋಡೋಕೆ ಚೆಂದ, ಹತ್ತೋಕಲ್ಲ. ರೂಮಿನ ಮಾಲೀಕರಿಗೆ ಮೆಸೇಜ್ ಮಾಡಿದರೆ ಒಂದು ನಗುವ ಮುಖ ಕಳಿಸಿ ಸುಮ್ಮನಾದರು. ಹಿರಿಯರು ಜೊತೆಗಿದ್ದರೆ ಹೇಮಾರ್ಕೆಟ್ ಕಡೆ ನೋಡಿ, ಅಲ್ಲಿ ರೈಲೂ ಇದೆ, ಟ್ರಾಮೂ ಇದೆ. ಇಲ್ಲವೇ ಜಾರ್ಜ್ ಸ್ಟ್ರೀಟ್ ಸುತ್ತಮುತ್ತ. ಅದು ‘ಹೊಸ ಊರು’, ಹೊಸದು ಅಂದರೂ ಪ್ಲಾನ್ ಹಾಕಿದ್ದು 1767ರಲ್ಲಿ. ಗೆರೆ ಎಳೆದ ಹಾಗೆ ನೇರ ಬೀದಿಗಳು. ಎಲ್ಲೇ ಬುಕ್ ಮಾಡಿದರೂ ಲಿಫ್ಟ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ.

ಕೋಟೆ. ಟಿಕೆಟ್ ಜಾಸ್ತಿ, ನಿಜ. ಆನ್‌ಲೈನ್‌ನಲ್ಲಿ ಮೊದಲೇ ತೆಗೆದರೆ ಗೇಟಿನ ದರಕ್ಕಿಂತ ಕಡಿಮೆ, ಒಳಗೆ ಹೋಗುವ ಸಮಯವೂ ಗೊತ್ತಿರುತ್ತದೆ. ಒಳಗೂ ಏರು, ಉರುಟು ಕಲ್ಲು ಹಾಸಿದ ದಾರಿ. ನಡೆಯೋಕೆ ಕಷ್ಟ ಇರುವವರಿಗೆ ಮೇಲಕ್ಕೆ ಕರೆದೊಯ್ಯುವ ಗಾಡಿ ಇದೆ, ಆದರೆ ನಾವೇ ಕೇಳಬೇಕು. ಕಿರೀಟದ ಕೋಣೆಗೆ ಉದ್ದ ಕ್ಯೂ, ಫೋಟೋ ತೆಗೆಯೋ ಹಾಗಿಲ್ಲ. ಹಿಂದೆ ಸ್ಕಾಟ್‌ಲೆಂಡಿನ ರಾಜರ ಪಟ್ಟಾಭಿಷೇಕಕ್ಕೆ ಬಳಸುತ್ತಿದ್ದ ಕಲ್ಲು ಅಲ್ಲೇ ಇದೆ ಅಂದುಕೊಂಡು ಹೋಗಬೇಡಿ, 2024ರಲ್ಲಿ ಅದು ಪರ್ತ್ ಊರಿನ ಮ್ಯೂಸಿಯಂಗೆ ಹೋಯಿತು. ನನಗೆ ಇಷ್ಟವಾಗಿದ್ದು ಸೇಂಟ್ ಮಾರ್ಗರೆಟ್ ಚಾಪೆಲ್. 12ನೇ ಶತಮಾನದ್ದು, ಊರಿನ ಅತಿ ಹಳೇ ಕಟ್ಟಡ. ಹತ್ತಿಪ್ಪತ್ತು ಜನ ನಿಂತರೆ ತುಂಬಿಹೋಗುವಷ್ಟು ಚಿಕ್ಕದು.

ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಫಿರಂಗಿ ಹಾರಿಸುತ್ತಾರೆ, ಭಾನುವಾರ ಇಲ್ಲ. 1861ರಿಂದ ನಡೆದುಬಂದಿದೆ, ಹಡಗಿನವರು ಗಡಿಯಾರ ಸರಿಮಾಡಿಕೊಳ್ಳಲಿ ಅಂತ ಶುರುವಾಗಿದ್ದು. ಹನ್ನೆರಡಕ್ಕೆ ಯಾಕಿಲ್ಲ ಅಂದರೆ, ಹನ್ನೆರಡು ಗುಂಡು ಯಾಕೆ ದಂಡ, ಒಂದರಲ್ಲಿ ಮುಗಿಸೋಣ ಅನ್ನೋ ಲೆಕ್ಕಾಚಾರ ಅಂತ ಅಲ್ಲಿಯವರೇ ತಮಾಷೆ ಮಾಡುತ್ತಾರೆ. ನಾನು ವಿಡಿಯೋ ಮಾಡುತ್ತಿದ್ದೆ. ಅದರಲ್ಲಿ ಫಿರಂಗಿ ಸದ್ದಿಗಿಂತ ಅಮ್ಮನ ‘ಅಯ್ಯಪ್ಪಾ!’ ಜೋರಾಗಿ ಕೇಳುತ್ತದೆ.

ಆದರೆ ಎರಡೂವರೆ ದಿನದಲ್ಲಿ ಒಂದೇ ಜಾಗಕ್ಕೆ ಸಮಯ ಇದೆ ಅಂದರೆ ನಾನು ಕೋಟೆ ಬಿಟ್ಟು ಚೇಂಬರ್ಸ್ ಸ್ಟ್ರೀಟಿನ ನ್ಯಾಷನಲ್ ಮ್ಯೂಸಿಯಂಗೇ ಹೋಗುತ್ತೇನೆ. ಪುಕ್ಕಟೆ. ಲಿಫ್ಟ್ ಇದೆ, ಕೂರೋಕೆ ಜಾಗ ಇದೆ, ಮಳೆ ಬಂದರೆ ತಲೆಬಿಸಿ ಇಲ್ಲ. 1996ರಲ್ಲಿ ತದ್ರೂಪಿಯಾಗಿ ಹುಟ್ಟಿದ ಕುರಿ ಡಾಲಿ ಇಲ್ಲೇ ಗಾಜಿನ ಪೆಟ್ಟಿಗೆಯೊಳಗೆ ನಿಂತಿದೆ. ಅಮ್ಮ ಅದರ ಮುಂದೆ ಐದು ನಿಮಿಷ ನಿಂತು, ‘ಇಷ್ಟೆಲ್ಲಾ ಮಾಡಿ ಕೊನೆಗೆ ಮಾಮೂಲಿ ಕುರೀನೇ ಅಲ್ವಾ’ ಅಂದರು. ಅದೇ ತಾನೇ ವಿಶೇಷ ಅಂತ ವಿವರಿಸೋಕೆ ಹೋಗಿ ನಾನೇ ಸೋತೆ. ಲ್ಯೂಯಿಸ್ ದ್ವೀಪದಲ್ಲಿ ಸಿಕ್ಕ ಹಳೇ ಚೆಸ್ ಕಾಯಿಗಳಲ್ಲಿ 11 ಇಲ್ಲಿವೆ. ಕೆನ್ನೆಗೆ ಕೈ ಕೊಟ್ಟು ಕೂತ ರಾಣಿಯ ಮುಖ ನೋಡಿ, ನಾಲ್ಕು ಮಹಡಿ ಹತ್ತಿದ ಮೇಲೆ ಅಮ್ಮ ಕೂತಿದ್ದೂ ಹೀಗೇ. ಮೇಲಿನ ತಾರಸಿಗೆ ಹೋಗೋದು ಮರೆಯಬೇಡಿ. ಕೋಟೆ ಇಲ್ಲಿಂದ ಪೂರ್ತಿ ಕಾಣುತ್ತದೆ, ಕೋಟೆಯೊಳಗೆ ನಿಂತರೆ ಕೋಟೆ ಎಲ್ಲಿ ಕಾಣುತ್ತದೆ?

ಕೋಟೆಯಿಂದ ಅರಮನೆವರೆಗಿನ ಮುಖ್ಯ ಬೀದಿ ರಾಯಲ್ ಮೈಲ್ ಬಗ್ಗೆ ಜಾಸ್ತಿ ಹೇಳಲ್ಲ. ಅಂಗಡಿಗೊಂದು ಚೌಕಳಿ ಶಾಲು, ಎಲ್ಲಾ ಒಂದೇ ಥರ. ಪಕ್ಕದಲ್ಲಿ ‘ಕ್ಲೋಸ್’ ಅನ್ನೋ ಸಂದಿಗಳಿವೆ, ಮಜಾ ಇರೋದು ಅಲ್ಲಿ. ಅಡ್ವೊಕೇಟ್ಸ್ ಕ್ಲೋಸ್‌ನಲ್ಲಿ ನಿಂತರೆ ಎರಡು ಗೋಡೆ ನಡುವಿನ ಸೀಳಿನಲ್ಲಿ ಸಾಹಿತಿ ವಾಲ್ಟರ್ ಸ್ಕಾಟ್ ಸ್ಮಾರಕ ಕಾಣುತ್ತದೆ. ದಾರಿಯನ್ನು ಕೋಟೆಯಿಂದ ಶುರು ಮಾಡಿ, ಅರಮನೆ ಕಡೆಗೆ ಇಳಿಜಾರು. ನಾವು ಉಲ್ಟಾ ಮಾಡಿದೆವು.

ಸಂಜೆ ನಾನೊಬ್ಬನೇ ಆರ್ಥರ್ಸ್ ಸೀಟ್ ಅನ್ನೋ ಗುಡ್ಡ ಹತ್ತಿದೆ. ಎತ್ತರ 251 ಮೀಟರ್. ತುದಿಯ ಬಂಡೆ ನುಣುಪಾಗಿದೆ, ಗಾಳಿ ಟೋಪಿ ಕಿತ್ತುಕೊಂಡು ಹೋಗುತ್ತದೆ. ಅಮ್ಮ ಕೆಳಗೆ ಕೆರೆಯ ಹತ್ತಿರ ಹಂಸ ನೋಡುತ್ತಾ ಕೂತಿದ್ದರು. ಮೇ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ, ಅವಸರ ಬೇಡ. ಡಿಸೆಂಬರ್‌ನಲ್ಲಿ ಹೋದರೆ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗಿರುತ್ತಾನೆ. ಆಗಸ್ಟ್‌ನಲ್ಲಿ ಫ್ರಿಂಜ್ ಅನ್ನೋ ದೊಡ್ಡ ಕಲಾ ಉತ್ಸವ, ರೂಮಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಇನ್ನೊಂದು, 2026ರ ಜುಲೈ 24ರಿಂದ ಉಳಿದುಕೊಳ್ಳುವ ಖರ್ಚಿನ ಮೇಲೆ 5% ಪ್ರವಾಸಿ ತೆರಿಗೆ, ಸತತ ಐದು ರಾತ್ರಿಯವರೆಗೆ. ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಸಿಟಿ ಬಸ್ಸಿಗೆ ಕಾರ್ಡ್ ಮುಟ್ಟಿಸಿದರೆ ಸಾಕು, ನಗದು ಕೊಟ್ಟರೆ ಚಿಲ್ಲರೆ ವಾಪಸ್ ಇಲ್ಲ.

ಊಟ? ಸಸ್ಯಾಹಾರಿಗಳು ಹೆದರಬೇಡಿ. ಹ್ಯಾಗಿಸ್ ಅಂದರೆ ಕುರಿಯ ಒಳಭಾಗದ ಅಡುಗೆ, ಆದರೆ ಓಟ್ಸ್, ಕಾಳು ಹಾಕಿ ಮಾಡುವ ವೆಜ್ ಹ್ಯಾಗಿಸ್ ಎಷ್ಟೋ ಕಡೆ ಸಿಗುತ್ತದೆ. ಜೊತೆಗೆ ಟರ್ನಿಪ್ ಮತ್ತು ಆಲೂಗಡ್ಡೆ ಕಿವುಚಿ ಕೊಡುತ್ತಾರೆ. ಕಾಳುಮೆಣಸು ಗಂಟಲಿಗೆ ತಾಗುವ ಹಾಗಿತ್ತು, ಅಮ್ಮ ತಟ್ಟೆ ಖಾಲಿ ಮಾಡಿದರು. ಟ್ಯಾಬ್ಲೆಟ್ ಅನ್ನೋ ಸಿಹಿಯಂತೂ ಸಕ್ಕರೆ, ಬೆಣ್ಣೆ, ಕಂಡೆನ್ಸ್ಡ್ ಮಿಲ್ಕ್ ಸೇರಿಸಿ ಕಾಯಿಸಿದ್ದು, ಹೆಚ್ಚುಕಮ್ಮಿ ನಮ್ಮ ಬರ್ಫಿಯೇ.

ಸ್ಕಾಟ್‌ಲೆಂಡಿನ ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಅಚ್ಚು ಹಾಕುತ್ತವೆ. ಇಂಗ್ಲೆಂಡಿನಲ್ಲಿ ಕೆಲವು ಅಂಗಡಿಯವರು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ, ಹಾಗಾಗಿ ಅಲ್ಲೇ ಖರ್ಚು ಮಾಡಿ ಬನ್ನಿ. ನಮ್ಮ ಕೊನೆಯ ಹತ್ತು ಪೌಂಡ್ ನೋಟು ವೇವರ್ಲಿಯಲ್ಲಿ ಎರಡು ಪೊಟ್ಟಣ ಟ್ಯಾಬ್ಲೆಟ್‌ಗೆ ಹೋಯಿತು. ನ್ಯೂಕ್ಯಾಸಲ್ ಬರುವಷ್ಟರಲ್ಲಿ ಒಂದು ಪೊಟ್ಟಣ ಖಾಲಿ.