ಬ್ರೇಕ್ ಆಯಿಲ್ ಲೀಕ್ ಇಲ್ಲ ಅಂದ ಮಾತ್ರಕ್ಕೆ ಬ್ರೇಕ್ ಸರಿ ಇದೆ ಅಂತಲ್ಲ

ಹಳೇ ಕಾರು ಇಟ್ಟುಕೊಂಡವರು ಇದನ್ನು ಓದಿ. "ಎಲ್ಲೂ ಲೀಕ್ ಇಲ್ಲ" ಅಂತ ಗ್ಯಾರೇಜಿನವರು ಹೇಳಿದರೆ ಅಷ್ಟಕ್ಕೇ ಸಮಾಧಾನ ಮಾಡಿಕೊಂಡು ಬರಬೇಡಿ. ನಮ್ಮ 2003ರ ಮಾರುತಿ ಜೆನ್ ಕಾರನ್ನು ನೋಡಿ ಹುಬ್ಬಳ್ಳಿಯ ಒಂದು ಗ್ಯಾರೇಜಿನವರು ಹೇಳಿದ್ದೂ ಇದನ್ನೇ.

ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತರೆ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಕಾಲೆತ್ತಿ ಮತ್ತೆ ತುಳಿದರೆ ಮೇಲೆಯೇ ಹಿಡಿಯುತ್ತಿತ್ತು. ಇದನ್ನೆಲ್ಲ ಬಿಡಿಸಿ ಹೇಳಿದೆ. ಮೆಕ್ಯಾನಿಕ್ ಒಂದು ರೌಂಡ್ ಹೊಡೆದು, ಜೋರಾಗಿ ಬ್ರೇಕ್ ಹಾಕಿ ನೋಡಿದ. ಗಾಡಿ ಗಕ್ಕನೆ ನಿಂತಿತು. ಚಕ್ರಗಳ ಹತ್ತಿರ ಹಸಿ ಇಲ್ಲ, ಡಬ್ಬಿಯಲ್ಲಿ ಆಯಿಲ್ ಇಳಿದಿಲ್ಲ. "ಏನೂ ಆಗಂಗಿಲ್ರೀ ಸರ, ಹಳೇ ಗಾಡಿ ಅಂದ್ರ ಹಿಂಗ. ಪ್ಯಾಡ್ ಬದ್ಲಿ ಮಾಡಿ ಬ್ರೇಕ್ ಪೈಪಿನಾಗಿನ ಏರ್ ತಗದು ಕೊಡ್ತೀನಿ."

ಪ್ಯಾಡ್ ಬದಲಾಯಿತು, ಬಿಲ್ಲೂ ಆಯಿತು. ಆಮೇಲೆ ಧಾರವಾಡಕ್ಕೆ ಹೊರಟಾಗ ಉಣಕಲ್ ಹತ್ತಿರ ಟ್ರಾಫಿಕ್ ನಿಧಾನವಾಯಿತು. ಮೆಲ್ಲಗೆ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ! ಗಬಗಬ ಪಂಪ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದೆ. ಅಷ್ಟರಲ್ಲಿ ಮುಂದಿದ್ದ ಆಟೋಗೆ ತಾಗಿಯೇ ಬಿಟ್ಟಿತು. ಯಾರಿಗೂ ಪೆಟ್ಟಾಗಲಿಲ್ಲ. ಆಟೋದವರು ಚೆನ್ನಾಗಿ ಬೈದರು. ಅವರ ಜಾಗದಲ್ಲಿದ್ದರೆ ನಾನೂ ಬೈಯುತ್ತಿದ್ದೆ.

ಕೆಟ್ಟಿದ್ದು ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ಒತ್ತುವ ಭಾಗ. ಬೇರೆ ಮೆಕ್ಯಾನಿಕ್ ಅದನ್ನು ಬಿಚ್ಚಿ ತೋರಿಸಿದರು. ಒಳಗಿನ ರಬ್ಬರ್ ಸೀಲಿನ ಅಂಚು ಸವೆದಿತ್ತು. ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಸಣ್ಣ ಸಣ್ಣ ಗುಳಿಗಳು, ಬೆರಳಿನ ತುದಿಗೆ ತರಿತರಿ. ಈ ಸೀಲ್ ಸವೆದರೆ ಆಯಿಲ್ ಹೊರಗೆ ಬರುವುದಿಲ್ಲ, ಒಳಗೊಳಗೇ ಹಿಂದಕ್ಕೆ ಜಾರುತ್ತದೆ. ಹಾಗಾಗಿ ಹಸಿಯೂ ಕಾಣಲ್ಲ, ಮಟ್ಟವೂ ಇಳಿಯಲ್ಲ. ಜೋರಾಗಿ ತುಳಿದಾಗ ಒತ್ತಡಕ್ಕೆ ಸೀಲ್ ಅಗಲವಾಗಿ ಗೋಡೆಗೆ ಅಂಟಿಕೊಳ್ಳುತ್ತದೆ, ಬ್ರೇಕ್ ಹಿಡಿಯುತ್ತದೆ. ಹೆಚ್ಚಾಗಿ ಮೆಲ್ಲಗೆ ಒತ್ತಿದಾಗಲೇ ಕೈಕೊಡುವುದು. ಜೋರಾಗಿ ಬ್ರೇಕ್ ಹಾಕಿ ನೋಡುವ ಟೆಸ್ಟ್ ಇಲ್ಲಿ ದಂಡ.

ಏರ್ ತೆಗೆಯುವಾಗ ಪೆಡಲನ್ನು ನೆಲದ ತನಕ ತುಳಿಯುತ್ತಾರಲ್ವಾ? ಮಾಮೂಲಿ ಓಡಾಟದಲ್ಲಿ ಸೀಲ್ ಅಷ್ಟು ಒಳಗೆ ಹೋಗುವುದೇ ಇಲ್ಲ. ಅಲ್ಲಿ ತುಕ್ಕು ಕೂತಿದ್ದರೆ ಸೀಲ್ ಕೆರೆದುಹೋಗುತ್ತದೆ. ಹಳೇ ಗಾಡಿಗಳಲ್ಲಿ ಬ್ರೇಕ್ ಕೆಲಸ ಮಾಡಿಸಿದ ಮೇಲೆಯೇ ತೊಂದರೆ ಜಾಸ್ತಿಯಾಗಲು ಇದೂ ಒಂದು ಕಾರಣ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟು ಕೆಲಸ ಮಾಡಿದರೆ ಈ ಗೋಳಿಲ್ಲ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವ ತನಕ ಕೆಲವು ಸಲ ತುಳಿಯಿರಿ. ನಂತರ ಮೆಲ್ಲಗೆ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಆಮೇಲೆ ಜೋರಾಗಿ ಒತ್ತಿಯೂ ನೋಡಿ. ಇಳಿಯುತ್ತಾ ಹೋದರೆ ಒತ್ತಡ ಎಲ್ಲೋ ಸೋರುತ್ತಿದೆ. ಹೊರಗೆ ಹಸಿ ಕಾಣದಿದ್ದರೆ ಅನುಮಾನ ಮೊದಲು ಮಾಸ್ಟರ್ ಸಿಲಿಂಡರ್ ಮೇಲೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಏರ್ ಇರಬಹುದು, ಅದು ಬೇರೆ ಕಥೆ. ಪೆಡಲ್ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಇಳಿದರೆ ಗಾಬರಿ ಬೇಡ, ಅದು ಬೂಸ್ಟರ್ (ಬ್ರೇಕ್ ತುಳಿಯಲು ಬಲ ಕೂಡಿಸುವ ಭಾಗ) ಕೆಲಸ ಮಾಡುತ್ತಿರುವ ಗುರುತು.

ಗ್ಯಾರೇಜಿನವರು "ಬರೀ ಸೀಲ್ ಕಿಟ್ ಹಾಕಿದರೆ ಸಾಕು" ಅಂದರೆ ಸಿಲಿಂಡರಿನ ಒಳಗೋಡೆ ತೋರಿಸಿ ಅನ್ನಿ. ಗುಳಿ ಬಿದ್ದಿದ್ದರೆ ಹೊಸ ಸೀಲೂ ಬಾಳುವುದಿಲ್ಲ, ಪೂರ್ತಿ ಮಾಸ್ಟರ್ ಸಿಲಿಂಡರ್ ಅಸೆಂಬ್ಲಿಯೇ ಬದಲಿಸಬೇಕು. ನಮ್ಮದಕ್ಕೆ ಅದನ್ನೇ ಹಾಕಿಸಿದ್ದು.

ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಅಂಕೋಲಾ ಕಡೆ ಹೋಗುವವರು ಹೊರಡುವ ಮುಂಚೆ ಒಮ್ಮೆ ಹೀಗೆ ಪೆಡಲ್ ಒತ್ತಿ ಹಿಡಿದು ನೋಡಿ. ಇಳಿಯುತ್ತಾ ಹೋದರೆ ಗ್ಯಾರೇಜಿನ ತನಕ ಕೂಡ ಓಡಿಸಬೇಡಿ. ಹಗ್ಗ ಕಟ್ಟಿ ಎಳೆಸುವುದೂ ಬೇಡ, ಮುಂದಿನ ಗಾಡಿ ನಿಂತಾಗ ನಿಮ್ಮದು ನಿಲ್ಲಬೇಕಲ್ಲ. ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ, ಇಲ್ಲವೇ ಗಾಡಿಯನ್ನು ಟೋಯಿಂಗ್ ವ್ಯಾನ್ ಮೇಲೆ ಹೇರಿ ಕಳಿಸಿ.