ದೋಣಿಯ ಹಳೆ ಪಟ್ಟಿ ತೆಗೆಯುವ ರಬ್ಬರ್ ವೀಲ್: ಸ್ಟಿಕ್ಕರ್ ಹೋಯ್ತು, ಗುರುತು ಹೋಗ್ಲಿಲ್ಲ

ಮೊದಲೇ ಹೇಳಿಬಿಡ್ತೇನೆ, ಡ್ರಿಲ್ಲಿಗೆ ಸಿಕ್ಕಿಸುವ ಈ ರಬ್ಬರ್ ವೀಲ್ ಕೆಲಸ ಮಾಡ್ತದೆ, ಚೆನ್ನಾಗೇ ಮಾಡ್ತದೆ, 5ರಲ್ಲಿ 4 ಕೊಡ್ತೇನೆ. ಆದ್ರೆ ಇದನ್ನ ತಂದು ಉಜ್ಜಿದ್ರೆ ಅಲ್ಲಿ ಸ್ಟಿಕ್ಕರ್ ಪಟ್ಟಿ ಇತ್ತು ಅಂತ ಯಾರಿಗೂ ಗೊತ್ತಾಗದ ಹಾಗೆ ದೋಣಿ ಹೊಸತಾಗ್ತದೆ ಅಂತ ನಂಬಿ ಹೊರಟದ್ದು ನನ್ನ ಪೆದ್ದುತನ, ಅದಕ್ಕೆ ಒಂದು ಸೆಟ್ ಸ್ಟಿಕ್ಕರಿನ ದುಡ್ಡು ದಂಡ ಕಟ್ಟಿದೆ. ಆ ಕಥೆ ಮುಂದೆ ಬರ್ತದೆ.

ನಮ್ಮದು 22 ಅಡಿಯ ಫೈಬರ್ ನಾಡದೋಣಿ, ಕೋಡಿಬೆಂಗ್ರೆ ಹತ್ರ ಇಡ್ತೇವೆ, ಸುವರ್ಣಾ ಹೊಳೆಯೂ ಸೀತಾ ಹೊಳೆಯೂ ಒಟ್ಟಾಗಿ ಸಮುದ್ರ ಸೇರುವ ಜಾಗ. ನಾನೂ ಭಾವನೂ ಸೇರಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ದೋಣಿ ನೀಲಿ ಬಣ್ಣ, ಪೇಂಟ್ ಅಲ್ಲ, ಫೈಬರ್ ಹಾಕುವಾಗಲೇ ಮೇಲಿನ ಪದರಕ್ಕೆ ಬಣ್ಣ ಸೇರಿಸ್ತಾರಲ್ಲ ಆ ಜೆಲ್‌ಕೋಟ್. ಹಿಂದಿನ ಓನರಿಗೆ ಅಲಂಕಾರದ ಹುಚ್ಚು ಇತ್ತೋ ಎಂತದೋ, ಎರಡೂ ಬದಿಗೆ ಮೂತಿಯಿಂದ ಇಂಜಿನ್ ತನಕ ಮೂರ್ಮೂರು ಪಟ್ಟಿ, ಮೇಲೆ 4 ಇಂಚಿನ ಕೆಂಪು, ಅದರ ಕೆಳಗೆ 1 ಇಂಚಿನ ಹಳದಿ, ಅದರ ಕೆಳಗೆ ಅರ್ಧ ಇಂಚಿನ ಬಿಳಿ. ಹೊಸತರಲ್ಲಿ ಚಂದ ಇದ್ದಿರ್ಬಹುದು. ನಮ್ಮ ಕೈಗೆ ಬರುವಾಗ ಕೆಂಪು ಹೋಗಿ ಐಸ್ ಕ್ಯಾಂಡಿ ಗುಲಾಬಿ ಆಗಿತ್ತು, ಹಳದಿ ಇದ್ದದ್ದು ಹೌದಾ ಅಲ್ವಾ ಅಂತ ಡೌಟು, ಮತ್ತೆ ಇಡೀ ಪಟ್ಟಿ ಹಪ್ಪಳದ ಹಾಗೆ ಬಿರುಕು ಬಿಟ್ಟು ಅಲ್ಲಲ್ಲಿ ಎದ್ದು ನಿಂತಿತ್ತು. ಬಲೆ ಎಳೆಯುವಾಗ ಆ ಎದ್ದ ಚೂರಿಗೆ ನೂಲು ಸಿಕ್ಕಿಬೀಳ್ತಿತ್ತು, ಅದೇ ಪಿರಿಪಿರಿ. ಇಲ್ಲದಿದ್ರೆ ಚಂದಕ್ಕೆ ಯಾರು ತಲೆ ಕೆಡಿಸಿಕೊಳ್ತಾರೆ, ಬಂಗುಡೆ ಏನು ಪಟ್ಟಿ ನೋಡಿ ಬಲೆಗೆ ಬೀಳ್ತದಾ.

ಕೆಲಸಕ್ಕೆ ಇಳಿದದ್ದು ಮೇ ತಿಂಗಳಲ್ಲಿ. ಟ್ರಾಲ್ ಬೋಟಿನವರಿಗೆ, ಅಂದ್ರೆ ಸಮುದ್ರದಡಿ ಬಲೆ ಎಳೆಯುವ ದೊಡ್ಡ ಬೋಟಿನವರಿಗೆ, ಜೂನ್ 1ರಿಂದ ಜುಲೈ 31ರ ತನಕ ರಜೆ, ಅವರು ಆರಾಮಲ್ಲಿ ರಿಪೇರಿ ಮಾಡ್ಕೊಳ್ತಾರೆ, ನಾಡದೋಣಿಯವರಿಗೆ ಉಲ್ಟಾ, ಮಳೆಗಾಲವೇ ದುಡಿಮೆ. ಹಾಗಾಗಿ ಮಳೆ ಬೀಳುವ ಮೊದಲು ಮುಗಿಸ್ಲೇಬೇಕಿತ್ತು, ಒದ್ದೆ ಮೈಗೆ ಸ್ಟಿಕ್ಕರಿನ ಗಮ್ ಸರಿ ಹಿಡಿಯುವುದೂ ಇಲ್ಲ.

ಮೊದಲ ದಿನ ವೀಲ್ ಇರ್ಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಪಟ್ಟಿ ಮೆತ್ತಗಾಗ್ತದೆ, ತುದಿ ಹಿಡಿದು ಎಳೆದ್ರೆ ಬಾಳೆ ಸಿಪ್ಪೆ ಸುಲಿದ ಹಾಗೆ ಬರ್ತದೆ ಅಂತ ಭಾವನ ಲೆಕ್ಕಾಚಾರ. ಹೊಸ ಸ್ಟಿಕ್ಕರ್ ಆದ್ರೆ ಬರ್ತಿತ್ತೋ ಏನೋ, ಇದು ವರ್ಷಗಟ್ಟಲೆ ಬಿಸಿಲು ತಿಂದು ಒಣಗಿದ್ದು, ಉಗುರಷ್ಟು ಉಗುರಷ್ಟೇ ಚೂರು ಬಂತು. ಅಕ್ಕನ ಹೇರ್ ಡ್ರೈಯರ್ ತಂದೆವು, ಸ್ವಲ್ಪ ಸುಲಭ ಆಯ್ತು ಆದ್ರೆ ಗಂಟೆಗೆ 3 ಅಡಿ. ಹೀಟ್ ಗನ್ ಬಾಡಿಗೆಗೆ ತರ್ತೇನೆ ಅಂತ ಭಾವ ಹೇಳಿದ, ನಾನು ಬೇಡ ಅಂದೆ. ಕೈ ಇಟ್ರೆ ತಡೀಲಿಕ್ಕೆ ಆಗದಷ್ಟು ಬಿಸಿ ಆಗುವ ಮೊದಲೇ ಸ್ಟಿಕ್ಕರಿನ ಗಮ್ ಬಿಡ್ತದೆ, ಅದಕ್ಕಿಂತ ಜಾಸ್ತಿ ಕಾಯಿಸಿದ್ರೆ ಜೆಲ್‌ಕೋಟೇ ಗುಳ್ಳೆ ಏಳ್ತದೆ. ಆ ಪದರ ಇರುವುದೇ ಅರ್ಧ ಮಿಲಿಮೀಟರಿನ ಆಸುಪಾಸು, ಅದು ಹೋದ್ರೆ ಒಳಗಿನ ಫೈಬರ್ ನೀರು ಕುಡೀಲಿಕ್ಕೆ ಶುರು. ಕಬ್ಬಿಣದ ಬ್ಲೇಡೂ ಹಾಕಬೇಡಿ. ಗೀರು ಬಿದ್ರೆ ಸ್ಟಿಕ್ಕರಿಗಿಂತ ದೊಡ್ಡ ತಲೆನೋವು. ನಾವು ಎಕ್ಸ್‌ಪೈರ್ ಆದ ಎಟಿಎಂ ಕಾರ್ಡಲ್ಲಿ ಎಬ್ಬಿಸಿದ್ದು, ಎರಡು ಕಾರ್ಡ್ ಬಲಿ.

ಅದೇ ದಿನ ಇನ್ನೊಂದು ಅನಾಹುತ. ಗಮ್ ತೆಗೀಲಿಕ್ಕೆ ಪೇಂಟಿನ ಥಿನ್ನರ್ ಬಟ್ಟೆಗೆ ಹಾಕಿ ಉಜ್ಜಿದೆ. ಜೆಲ್‌ಕೋಟಿಗೆ ಬೇಗ ಒರೆಸಿ ತೆಗೆದ್ರೆ ಎಂತ ಆಗ್ಲಿಲ್ಲ, ಆದ್ರೆ ಮೂತಿ ಹತ್ರ ರಿಜಿಸ್ಟ್ರೇಶನ್ ನಂಬರ್ ಇದ್ದದ್ದು ಪೇಂಟಲ್ಲಿ. ಮೇಲಿಂದ ಥಿನ್ನರ್ ಇಳಿದು ಐಎನ್‌ಡಿ-ಕೆಎ-02 ಅಂತ ಶುರುವಾಗುವ ನಂಬರಿನ ಎರಡು ಅಂಕೆಗಳ ಹೊಟ್ಟೆಯೇ ಕರಗಿ ಹೋಯ್ತು! ಕರಾವಳಿ ಕಾವಲು ಪೊಲೀಸಿನವರ ಹೆಡ್ ಆಫೀಸೇ ಮಲ್ಪೆಯಲ್ಲಿರುವಾಗ ಅರ್ಧ ನಂಬರಿನ ದೋಣಿ ತಗೊಂಡು ಹೊರಟ್ರೆ ಎಂತ ಉತ್ತರ ಕೊಡುವುದು. ಅದನ್ನ ಮತ್ತೆ ಬರೆಸಿದ್ದು ಬೇರೆ ಖರ್ಚು. ಪೇಂಟ್ ಇರುವ ಕಡೆ ಥಿನ್ನರ್ ಬೇಡವೇ ಬೇಡ, ಸೀಮೆಎಣ್ಣೆ ಸಾಕು, ಅದು ಸಿಗದಿದ್ರೆ ತೆಂಗಿನೆಣ್ಣೆಯೂ ಆಗ್ತದೆ, ಹಚ್ಚಿ ಅರ್ಧ ಗಂಟೆ ಬಿಟ್ರೆ ಗಮ್ ಮೆತ್ತಗಾಗ್ತದೆ, ಆಮೇಲೆ ಸೋಪ್ ನೀರಲ್ಲಿ ಎಣ್ಣೆ ಪೂರ್ತಿ ತೊಳೀಬೇಕು.

ಇನ್ನು ವೀಲಿನ ವಿಷಯ. ಆನ್‌ಲೈನಲ್ಲಿ ತರಿಸಿದ್ದು, ಸಾವಿರದ ಒಳಗೆ ಬಂತು. 4 ಇಂಚಿನ ಗುಂಡಗಿನ ರಬ್ಬರು, ಬೆಲ್ಲದ ಪಾಕದ ಬಣ್ಣ, ಮಧ್ಯೆ ಡ್ರಿಲ್ಲಿನ ಬಾಯಿಗೆ ಸಿಕ್ಕಿಸುವ ಕಡ್ಡಿ, ಅಷ್ಟೇ. ಶಾಲೆಯಲ್ಲಿ ಪೆನ್ಸಿಲ್ ಅಳಿಸುವ ರಬ್ಬರ್ ಉಂಟಲ್ಲ, ಅದನ್ನೇ ದೊಡ್ಡದು ಮಾಡಿ ತಿರುಗಿಸಿದ ಹಾಗೆ. ಉಜ್ಜುವಾಗ ಬಿಸಿ ಹುಟ್ತದೆ, ಬಿಸಿಗೆ ಗಮ್ ಬಿಡ್ತದೆ, ಸ್ಟಿಕ್ಕರ್ ಪುಡಿ ಪುಡಿಯಾಗಿ ಉದುರ್ತದೆ. ರಬ್ಬರೂ ಒಟ್ಟಿಗೇ ಸವೀತದೆ. ಒಂದು ವೀಲಲ್ಲಿ ಎಡಬದಿಯ ಉಳಿದದ್ದು ಪೂರ್ತಿ, ಬಲಬದಿ ಅರ್ಧ ಆಯ್ತು, ಹಾಗಾಗಿ ಈ ಅಳತೆಯ ದೋಣಿಗೆ ಎರಡು ತರಿಸಿ, ನಮ್ಮ ಹಾಗೆ ಅರ್ಧದಲ್ಲಿ ನಿಂತು ಮತ್ತೆ ನಾಲ್ಕು ದಿನ ಕೊರಿಯರ್ ಕಾಯಬೇಡಿ. ಮೊದಲ ದಿನ ಇಬ್ಬರೂ ಸೇರಿ ಸಂಜೆ ತನಕ ಒದ್ದಾಡಿದ್ರೂ ಒಂದು ಬದಿಯ ಅರ್ಧ ಮುಗಿದಿರ್ಲಿಲ್ಲ, ಉಳಿದ ಅರ್ಧ ವೀಲಲ್ಲಿ ಒಂದೂವರೆ ಗಂಟೆಯಲ್ಲಿ ಹೋಯ್ತು, ನಾನು ಒಬ್ಬನೇ. ಭಾವ ಆವಾಗ ಮರದ ಕೆಳಗೆ ಕೂತು ಸಲಹೆ ಕೊಡ್ತಿದ್ದ.

ಒಂದು ಮಾತು ಸೀರಿಯಸ್ಸಾಗಿ. ಇದನ್ನ ಆಂಗಲ್ ಗ್ರೈಂಡರಿಗೆ (ಕಬ್ಬಿಣ ಕತ್ತರಿಸುವ ಮಿಷನ್ನಿಗೆ) ಹಾಕ್ಲೇಬೇಡಿ. ವೀಲಿನ ಮೇಲೇ ಬರೆದಿರ್ತದೆ, ಜಾಸ್ತಿ ಅಂದ್ರೆ ನಿಮಿಷಕ್ಕೆ 4000 ಸುತ್ತು, ಅಂದ್ರೆ 4000 ಆರ್‌ಪಿಎಂ. 4 ಇಂಚಿನ ಗ್ರೈಂಡರ್ ತಿರುಗುವುದು 11000ದ ಲೆಕ್ಕದಲ್ಲಿ, ರಬ್ಬರ್ ಹರಿದು ಮುಖಕ್ಕೆ ಬಂದ್ರೆ ಕಣ್ಣು ಹೋಗ್ತದೆ. ನಮ್ಮ ಮನೆಯ ಸಾದಾ ಡ್ರಿಲ್ 2600ರ ಆಸುಪಾಸು, ಅದು ಸರಿ ಆಯ್ತು. ಬ್ಯಾಟರಿ ಡ್ರಿಲ್ಲಲ್ಲೂ ಟ್ರೈ ಮಾಡಿದೆ, ಸ್ಪೀಡ್ ಕಮ್ಮಿ, ಬ್ಯಾಟರಿ ಐದೇ ಅಡಿಗೆ ಸುಸ್ತು. ವಯರಿನ ಡ್ರಿಲ್ ಆದ್ರೆ ದೋಣಿ ಕೆಳಗೂ ಕಾಲಡಿಯೂ ಒಣಗಿರ್ಬೇಕು, ಹೊಳೆ ಬದಿಯಲ್ಲಿ ಎಕ್ಸ್‌ಟೆನ್ಶನ್ ಬಾಕ್ಸ್ ಮರಳಲ್ಲಿ ಇಟ್ಟು ಆಟ ಆಡಬೇಡಿ.

ಉಜ್ಜುವ ಕ್ರಮ ಕೈಗೆ ಬರ್ಲಿಕ್ಕೆ ಎರಡು ಅಡಿ ಬೇಕು. ಒತ್ತಬಾರ್ದು, ವೀಲಿನ ಭಾರವೇ ಸಾಕು. ಒಂದೇ ಕಡೆ ನಿಲ್ಲಿಸಬಾರ್ದು. ನಾನು ಫೋನ್ ಬಂತು ಅಂತ ಆ ಕಡೆ ನೋಡಿದ ಎರಡು ಸೆಕೆಂಡಿಗೆ ನೀಲಿಯ ಮೇಲೆ ಕಂದು ಕಲೆ, ಅದೃಷ್ಟಕ್ಕೆ ಅದು ರಬ್ಬರ್ ಕರಗಿ ಅಂಟಿದ್ದು, ಸೀಮೆಎಣ್ಣೆಗೆ ಹೋಯ್ತು. ಮತ್ತೆ ವೀಲ್ ತಿರುಗುವುದು ಸ್ಟಿಕ್ಕರಿನ ಮೇಲಿಂದ ಅಂಚಿನ ಹೊರಗಡೆಗೆ ಇರ್ಬೇಕು, ಅಂಚಿಗೆ ಎದುರಾಗಿ ಹಿಡಿದ್ರೆ ರಬ್ಬರ್ ಕಿತ್ತು ಕಿತ್ತು ಬರ್ತದೆ. ಮೊದಲು ಇಂಜಿನ್ ಕೆಳಗೆ ಯಾರಿಗೂ ಕಾಣದ ಜಾಗದಲ್ಲಿ ಒಂದು ಚೂರು ಉಜ್ಜಿ ನೋಡಿ. ಪೇಂಟ್ ಹೊಡೆದ ದೋಣಿಗೆ ಇನ್ನೂ ಹುಷಾರು, ಹಳೆ ಪೇಂಟ್ ಆದ್ರೆ ಸ್ಟಿಕ್ಕರ್ ಜೊತೆ ಅದೂ ಏಳ್ತದೆ.

ಅರ್ಧ ಮಾರ್ಕ್ ಕಡಿದದ್ದು ಕಸಕ್ಕೆ. ಅಬ್ಬಾ ಆ ರಬ್ಬರ್ ಪುಡಿ! ಮೂಗು, ಕಿವಿ, ಬನಿಯನ್ ಒಳಗೆ, ಟಯರ್ ಸುಟ್ಟ ವಾಸನೆ ರಾತ್ರಿ ಊಟದಲ್ಲೂ ಬಂತು. ಕನ್ನಡಕ, ಮಾಸ್ಕ್ ಬೇಕೇ ಬೇಕು. ಕೆಳಗೆ ಟರ್ಪಾಲ್ ಹಾಸಿದ್ರಿಂದ ಒಟ್ಟು ಮಾಡಿ ಗೋಣಿಗೆ ತುಂಬಿಸ್ಲಿಕ್ಕೆ ಆಯ್ತು, ಹಾಸದಿದ್ರೆ ಎಲ್ಲಾ ಹೊಳೆಗೇ, ನಾವೇ ಹಿಡಿಯುವ ಕಾಣೆ ಮೀನಿನ ಹೊಟ್ಟೆಗೆ.

ಉಳಿದ ಅರ್ಧ ಮಾರ್ಕ್ ಕಡಿದದ್ದು ಪ್ಯಾಕೆಟಿನ ಮೇಲಿನ ಫೋಟೊಕ್ಕೆ. ಅದರಲ್ಲಿ ಸ್ಟಿಕ್ಕರ್ ಹೋದ ಜಾಗ ಕನ್ನಡಿ ಹಾಗೆ, ಎಂತದೂ ಗುರುತಿಲ್ಲ. ನಮ್ಮದರಲ್ಲಿ ಸ್ಟಿಕ್ಕರ್ ಪೂರ್ತಿ ಹೋದ ಮೇಲೆ ಸ್ವಲ್ಪ ದೂರ ನಿಂತು ನೋಡ್ತೇನೆ, ಮೂರು ಪಟ್ಟಿಯೂ ಅಲ್ಲೇ ಉಂಟು! ಕೆಂಪು, ಹಳದಿ ಅಲ್ಲ, ಈಗ ಮೂರೂ ಕಡು ನೀಲಿ. ಸ್ಟಿಕ್ಕರ್ ಅಡಿಯಲ್ಲಿ ಬಿಸಿಲು ಬೀಳದ ಜಾಗ ಫ್ಯಾಕ್ಟರಿ ಬಣ್ಣದಲ್ಲೇ ಉಳಿದಿದೆ, ಸುತ್ತಲಿನದ್ದು ಬಿಸಿಲಿಗೆ ಬೆಳ್ಳಗಾಗಿ ಕೈಯಲ್ಲಿ ಮುಟ್ಟಿದ್ರೆ ಸುಣ್ಣದ ಹಾಗೆ ಪುಡಿ ಬರ್ತದೆ. ವಾಚ್ ತೆಗೆದ ಕೈಯ ಹಾಗೆ. ಬೆರಳು ಆಡಿಸಿದ್ರೆ ಅಂಚಲ್ಲಿ ಕೂದಲೆಳೆಯಷ್ಟು ಮೆಟ್ಟಿಲೂ ಸಿಗ್ತದೆ, ಸುತ್ತಲಿನದ್ದು ಅಷ್ಟು ಸವೆದಿದೆ. ಬಿಳಿ ದೋಣಿಗೆ ಇದು ಇಷ್ಟು ಎದ್ದು ಕಾಣುವುದಿಲ್ಲ, ನೀಲಿ, ಕೆಂಪು, ಹಸಿರಿಗೆ ಕಣ್ಣಿಗೆ ಹೊಡೀತದೆ. ವೀಲನ್ನ ಬೈದು ಪ್ರಯೋಜನ ಇಲ್ಲ, ಅದು ಗಮ್ಮನ್ನೂ ಸ್ಟಿಕ್ಕರನ್ನೂ ತೆಗೀಲಿಕ್ಕೆ ಇರುವುದು, ಬಿಸಿಲು ತಿಂದ ಬಣ್ಣ ವಾಪಸ್ ತರ್ಲಿಕ್ಕೆ ಅಲ್ಲ. ಆದ್ರೂ ಫೋಟೊ ಹಾಕುವಾಗ ಮರ್ಯಾದೆ ಬೇಡ್ವಾ.

ಕಾರಿಗೆ ಹಾಕುವ ರಬ್ಬಿಂಗ್ ಕಾಂಪೌಂಡ್ ತಂದು ಸುತ್ತಲಿನ ಬೆಳ್ಳಗಿನದ್ದನ್ನ ತಿಕ್ಕಿದೆವು, ಎರಡು ದಿನ. ಸುಮಾರು ಮುಕ್ಕಾಲು ಪಾಲು ಕಮ್ಮಿ ಆಯ್ತು. ಪೂರ್ತಿ ಹೋಗ್ಲಿಲ್ಲ, ಪೂರ್ತಿ ಹೋಗುವ ತನಕ ತಿಕ್ಕುವುದೂ ಬುದ್ಧಿವಂತಿಕೆ ಅಲ್ಲ, ತಿಕ್ಕಿದಷ್ಟೂ ಜೆಲ್‌ಕೋಟ್ ತೆಳ್ಳಗಾಗ್ತದೆ.

ಈಗ ನನ್ನ ದಂಡದ ಕಥೆ. ಪಟ್ಟಿ ತೆಗೆಯುವ ಮೊದಲೇ ಉಡುಪಿಯಲ್ಲಿ ಒಂದು ಸ್ಟಿಕ್ಕರ್ ಕಟಿಂಗ್ ಅಂಗಡಿಗೆ ಹೋಗಿ ಹೊಸ ಡಿಸೈನ್ ಕೊಟ್ಟು ಬಂದಿದ್ದೆ, 2 ಇಂಚಿನ ಬಿಳಿ ಒಂದು, ಕೆಳಗೆ ತೆಳ್ಳಗೆ ಕಿತ್ತಳೆ ಒಂದು, ಸಿಂಪಲ್. ಅಲ್ಲಿನ ಹುಡುಗ ಕೇಳಿದ್ದ, "ಅಣ್ಣಾ, ಹಳೇದರ ಅಗಲ ಎಷ್ಟು?" ಅಂತ. ನಾನು ಭಾರೀ ಗತ್ತಲ್ಲಿ "ಅದನ್ನ ಪೂರ್ತಿ ತೆಗೀತೇವೆ ಮಾರಾಯ, ನಿಂಗೆ ಅದು ಎಂತಕ್ಕೆ" ಅಂದೆ. ಅವ ಸುಮ್ಮನಾದ. 4 ಇಂಚಿನ ಕಡು ನೀಲಿ ಗುರುತಿನ ಮೇಲೆ 2 ಇಂಚಿನ ಬಿಳಿ ಹಿಡಿದು ನೋಡಿದಾಗ ಗೊತ್ತಾಯ್ತು ಅವ ಯಾಕೆ ಕೇಳಿದ ಅಂತ. ಕತ್ತರಿಸಿದ ಸ್ಟಿಕ್ಕರ್ ಯಾರು ವಾಪಸ್ ತಗೊಳ್ತಾರೆ, ಕೇಳ್ಲಿಕ್ಕೂ ನಾಚಿಕೆ. ಎರಡನೇ ಸಲ ಅಳತೆ ಟೇಪ್ ಹಿಡ್ಕೊಂಡು ಹೋದೆ, ನಾಲ್ಕೂವರೆ ಇಂಚಿನ ಬಿಳಿ, ಒಂದೂವರೆಯ ಕಿತ್ತಳೆ, ಅರ್ಧ ಇಂಚಿನದ್ದು ಇದ್ದಲ್ಲಿ ಮುಕ್ಕಾಲು. ಹಳೆ ಗುರುತಿನ ಮೇಲೆಯೇ ಎರಡೂ ಕಡೆ ಸ್ವಲ್ಪ ಸ್ವಲ್ಪ ಜಾಸ್ತಿ ಬರುವ ಹಾಗೆ. ಅಂದ್ರೆ ಬೇಡ ಅಂತ ಕಿತ್ತು ಹಾಕಿದ ಹಳೆ ಓನರಿನ ಡಿಸೈನೇ ಬೇರೆ ಬಣ್ಣದಲ್ಲಿ ವಾಪಸ್ ಬಂತು, ಭಾವ ಇದನ್ನ ಇಡೀ ಊರಿಗೆ ಹೇಳ್ಕೊಂಡು ಬಂದಿದ್ದಾನೆ.

ಆ ಅಂಗಡಿಗೂ ಎರಡು ಮಾತು. ಕಟಿಂಗ್ ನೀಟು, ಹೇಳಿದ ದಿನಕ್ಕೆ ಕೊಟ್ರು. ಆದ್ರೆ ಕೇಳದಿದ್ರೆ ಸಾದಾ ವಿನೈಲ್ ಹಾಳೆಯೇ ಕೊಡ್ತಾರೆ, ಅಂಗಡಿ ಬೋರ್ಡಿಗೆ ಹಾಕುವಂಥದ್ದು. ಅದು ದಪ್ಪ, ಬಿಸಿಲಿಗೆ ವರ್ಷ ಕಳೆದ ಹಾಗೆ ಕುಗ್ಗಿ ಅಂಚು ಏಳ್ತದೆ. ಕಾಸ್ಟ್ ವಿನೈಲ್ ಅಂತ ಬೇರೆ ಉಂಟು, ತೆಳ್ಳಗೆ, ದೋಣಿ ಮೂತಿಯ ತಿರುವಿಗೆ ಚೆನ್ನಾಗಿ ಬಗ್ತದೆ, ಕುಗ್ಗುವುದು ಕಮ್ಮಿ, ರೇಟು ನಮಗೆ ಡಬಲ್ಲಿಗಿಂತ ಜಾಸ್ತಿ ಬಿತ್ತು. ದೋಣಿಗೆ ಅದೇ ಬೇಕು ಅಂತ ಬಾಯಿ ಬಿಟ್ಟು ಕೇಳಿ, ಇಲ್ಲದಿದ್ರೆ ಮತ್ತೆ ವೀಲ್ ತರ್ಬೇಕಾಗ್ತದೆ.

ಅಂಟಿಸಿದ್ದು ಬೆಳಿಗ್ಗೆ 7 ಗಂಟೆಗೆ, ದೋಣಿ ಮೈ ತಣ್ಣಗಿರುವಾಗ. ಕಾದ ಮೈಗೆ ಇಟ್ರೆ ಮುಟ್ಟಿದಲ್ಲೇ ಕಚ್ಚಿಬಿಡ್ತದೆ, ಸರಿ ಮಾಡ್ಲಿಕ್ಕೆ ಬಿಡುವುದಿಲ್ಲ. ಮೊದಲು ಸ್ಯಾನಿಟೈಸರಿಗೆ ಹಾಕುವ ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಒರೆಸಿ, ಲೈನಿಗೆ ಮಾಸ್ಕಿಂಗ್ ಟೇಪ್ ಎಳೆದು, ಒಂದು ಬಕೆಟ್ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಸ್ಪ್ರೇ ಮಾಡಿ ಇಟ್ರೆ ಜಾರಿಸಿ ಜಾರಿಸಿ ಸರಿ ಕೂರಿಸ್ಲಿಕ್ಕೆ ಆಗ್ತದೆ, ಆಮೇಲೆ ಮಧ್ಯದಿಂದ ಅಂಚಿಗೆ ನೀರು ಒತ್ತಿ ತೆಗೆಯುವುದು. ಲೆವೆಲ್ ನೋಡ್ಲಿಕ್ಕೆ ಮೇಸ್ತ್ರಿಯ ಲೆವೆಲ್ ಬಾಟ್ಲಿ ತರಬೇಡಿ, ದೋಣಿ ಮರಳಲ್ಲಿ ಓರೆ ಕೂತಿರ್ತದೆ, ಮೇಲಿನ ರಬ್ಬರ್ ಅಂಚಿಂದ ಅಳತೆ ಇಳಿಸಿ, ಕೊನೆಗೆ ಇಪ್ಪತ್ತು ಹೆಜ್ಜೆ ದೂರ ಹೋಗಿ ಕಣ್ಣಲ್ಲೇ ನೋಡಿ. ತುದಿಗಳನ್ನ ಚೂಪು ಬಿಡದೆ ಉರುಟು ಕತ್ತರಿಸಿ, ಚೂಪು ಮೂಲೆಯೇ ಮೊದಲು ಏಳುವುದು. ವ್ಯಾಕ್ಸ್ ಹಾಕುವುದಿದ್ರೆ ಸ್ಟಿಕ್ಕರ್ ಅಂಟಿದ ಮೇಲೆ, ಮೊದಲೇ ಹಾಕಿದ್ರೆ ಗಮ್ ಹಿಡಿಯುವುದಿಲ್ಲ.

ಈಗ ದೋಣಿ ಚಂದ ಕಾಣ್ತದೆ, ಸುಳ್ಳು ಹೇಳುವುದಿಲ್ಲ. ಮೊದಲ ಸೆಟ್ಟಿನ 2 ಇಂಚಿನ ಬಿಳಿ ರೋಲ್ ಇನ್ನೂ ಅಟ್ಟದಲ್ಲಿ ಉಂಟು, ಭಾವ ಅದರಲ್ಲಿ ಒಂದು ತುಂಡು ಅವನ ಸ್ಕೂಟರಿಗೆ ಹಾಕಿದ್ದಾನೆ, ಓರೆಯಾಗಿ. ಬಲಬದಿ ಹಿಂದೆ ಒಂದು ಗಾಳಿಗುಳ್ಳೆ ಉಳಿದಿದೆ, ಮಳೆ ಬಿಟ್ಟ ದಿನ ಸೂಜಿ ಚುಚ್ಚಿ ಒತ್ತಬೇಕು.