ಬದಿಯಡ್ಕದ ಕಂಪ್ಯೂಟರ್ ರಿಪೇರಿ ಅಂಗಡಿ: ಲಿನಕ್ಸ್ ಸಿಸ್ಟಮಲ್ಲಿ ವಯರ್‌ಲೆಸ್ ಮೌಸ್ ತೊಂದ್ರೆ ಇದ್ದವ್ರು ಒಮ್ಮೆ ಹೋಗಿ ನೋಡಿ

ವಿಂಡೋಸಿನ ಬದಲು ಲಿನಕ್ಸ್ ಹಾಕಿದ ಡೆಸ್ಕ್‌ಟಾಪಲ್ಲಿ ವಯರ್‌ಲೆಸ್ ಮೌಸ್ ಕನೆಕ್ಟ್ ಆಗ್ತಾ ಇಲ್ಲ ಅಂತ ತಲೆ ಕೆಡಿಸ್ಕೊಂಡವ್ರು ಕಾಸರಗೋಡು ಕಡೆ ಯಾರಾದ್ರೂ ಇದ್ರೆ, ಹೊಸ ಮೌಸ್ ತಗೊಳ್ಳುವ ಮೊದಲು ಬದಿಯಡ್ಕ ಪೇಟೆಯಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ ಉಂಟು, ಅಲ್ಲಿಗೆ ಹೋಗಿ. ಐದರಲ್ಲಿ ನಾಲ್ಕೂವರೆ ಸ್ಟಾರ್ ಕೊಡ್ತೇನೆ, ಅರ್ಧ ಯಾಕೆ ಕಡಿಮೆ ಅಂತ ಆಮೇಲೆ ಹೇಳ್ತೇನೆ. ಅಂಗಡಿ ಹೆಸರು ಹಾಕ್ಬೇಡಿ ಅಂತ ಆ ಹುಡುಗನೇ ಹೇಳಿದ, ಒಬ್ಬನೇ ಇರುದು, ಜನ ಜಾಸ್ತಿ ಆದ್ರೆ ಸುಧಾರಿಸ್ಲಿಕ್ಕೆ ಆಗುದಿಲ್ಲ ಅಂತೆ. ಪೇಟೆಯಲ್ಲಿ ಲಿನಕ್ಸ್ ನೋಡುವ ಹುಡುಗ ಯಾರು ಅಂತ ಕೇಳಿದ್ರೆ ತೋರಿಸ್ತಾರೆ.

ನನ್ನದು ಡಿಟಿಪಿ ಕೆಲಸ. ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ನೋಟೀಸು, ಶಾಲೆಯ ವಾರ್ಷಿಕೋತ್ಸವದ ಕರಪತ್ರ, ಎಲ್ಲಾ ಉಬುಂಟು ಅನ್ನುವ ಲಿನಕ್ಸಿನಲ್ಲಿ ಇಂಕ್‌ಸ್ಕೇಪ್ ಮತ್ತೆ ಸ್ಕ್ರೈಬಸ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಇಟ್ಕೊಂಡು ಮಾಡುದು. ಈ ಕೆಲಸದಲ್ಲಿ ಕೀಬೋರ್ಡಿಗಿಂತ ಮೌಸಿನ ಮೇಲೆಯೇ ಕೈ ಜಾಸ್ತಿ, ಹೂವಿನ ಬಾರ್ಡರ್ ಒಂದು ಕೂದಲಿನಷ್ಟು ಆಚೆ ಈಚೆ ಮಾಡುವಾಗ ಪಾಯಿಂಟರ್ ನಿಂತ್ರೆ ಕೆಲಸವೇ ನಿಂತ ಹಾಗೆ. ಮೌಸ್ ಅಂದ್ರೆ ಸಾದಾ 2.4 ಗಿಗಾಹರ್ಟ್ಸ್‌ನದ್ದು, ಉಗುರಿನಷ್ಟು ದೊಡ್ಡ ಯುಎಸ್‌ಬಿ ರಿಸೀವರ್ ಬರ್ತದಲ್ಲ, ಅದು. ಬ್ಲೂಟೂತ್ ಅಲ್ಲ.

ತೊಂದ್ರೆ ಹೇಗೆ ಅಂದ್ರೆ ಬೆಳಿಗ್ಗೆ ಸಿಸ್ಟಮ್ ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಮೌಸ್ ಅಲ್ಲಾಡುದಿಲ್ಲ, ರಿಸೀವರ್ ತೆಗ್ದು ಪುನಃ ಹಾಕಿದ್ರೆ ಸರಿ, ಮಧ್ಯಾಹ್ನ ಪೂರ್ತಿ ಏನೂ ಇಲ್ಲ, ಸಂಜೆ ಹೊತ್ತಿಗೆ ಪಾಯಿಂಟರ್ ಎಳ್ದು ಎಳ್ದು ಹೋಗಿ ಪುನಃ ಕನೆಕ್ಷನ್ ಇಲ್ಲ. ಸೆಲ್ ಬದಲಾಯಿಸಿ ಆಯ್ತು. ಇನ್ನೊಂದು ಕಡೆ ಒಂದು ದೊಡ್ಡ ಅಂಗಡಿಯಲ್ಲಿ ತೋರಿಸಿದ್ದಕ್ಕೆ ಅವ್ರು ಅವ್ರ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿ ನೋಡಿ, ಮೌಸ್ ಸರಿ ಉಂಟು, ನಿಮ್ಮ ಲಿನಕ್ಸೇ ಸರಿ ಇಲ್ಲ, ತೆಗ್ದು ವಿಂಡೋಸ್ ಹಾಕುವ ಅಂದ್ರು. ನನಗೆ ಇದು ಬೇಜಾರಾದದ್ದು. ಗೊತ್ತಿಲ್ಲ ಅಂತ ಹೇಳ್ಬಹುದಿತ್ತು, ಅದು ಬಿಟ್ಟು ವರ್ಷಗಟ್ಟಲೆ ನಡೀತಾ ಇದ್ದ ಸಿಸ್ಟಮನ್ನು ಒಂದು ಮೌಸಿಗೋಸ್ಕರ ಅಳಿಸಿ ಹಾಕುದು ಅಂದ್ರೆ ಎಂತ ಮಾತು? ಗಿರಾಕಿಯ ಫಾಂಟು, ಫೈಲು, ಹಳೇ ಆರ್ಡರ್‌ಗಳು ಎಲ್ಲಾ ಅದರಲ್ಲೇ ಇರುದಲ್ವಾ.

ಬದಿಯಡ್ಕದ ಹುಡುಗನಿಗೆ ಫೋನ್ ಮಾಡಿದಾಗ ಅವನು ಕೇಳಿದ ಮೊದಲ ಪ್ರಶ್ನೆಯೇ ಬೇರೆ. "ಅಣ್ಣ, ಯಾವಾಗ ಹೋಗ್ತದೆ? ಆಗ ಸಿಸ್ಟಮಲ್ಲಿ ಬೇರೆ ಎಂತ ನಡೀತಾ ಇರ್ತದೆ?" ಮೌಸ್ ಯಾವ ಕಂಪನಿ, ಎಷ್ಟಕ್ಕೆ ತಗೊಂಡದ್ದು ಅಂತ ಕೇಳ್ಲೇ ಇಲ್ಲ. ಸಂಜೆ ಹೊತ್ತಿಗೆ ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಹಾಕ್ತೇನೆ ಅಂದೆ. ಮೌಸ್ ಮಾತ್ರ ತಂದ್ರೆ ಪ್ರಯೋಜನ ಇಲ್ಲ, ಸಿಪಿಯು, ಆ ಹಾರ್ಡ್ ಡಿಸ್ಕ್, ಯಾವ್ದು ಯಾವ ಪೋರ್ಟಿಗೆ ಹಾಕಿದ್ದೀರೋ ಹಾಗೇ ಒಂದು ಫೋಟೋ ತೆಗ್ದು ಎಲ್ಲಾ ತನ್ನಿ ಅಂದ. ರಿಕ್ಷಾದಲ್ಲಿ ಸಿಪಿಯು ಇಟ್ಕೊಂಡು ಹೋದದ್ದು.

ಹೋದ ಕೂಡ್ಲೆ ಮೌಸಿನ ಮುಚ್ಚಳ ತೆಗ್ದು ಸೆಲ್ ಕೂರುವ ಸ್ಪ್ರಿಂಗನ್ನು ಟಾರ್ಚ್ ಹಾಕಿ ನೋಡಿದ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಆ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿತದೆ, ಅದರಿಂದಲೇ ಅರ್ಧ ಮೌಸುಗಳು ಬರುದು ಅಂದ. ನನ್ನದ್ರಲ್ಲಿ ಸ್ವಲ್ಪ ಇತ್ತು, ಪೆನ್ಸಿಲ್ ರಬ್ಬರಲ್ಲಿ ತಿಕ್ಕಿ ಸ್ಪಿರಿಟ್ ಹಾಕಿ ಒರೆಸಿ ಕೊಟ್ಟ. ಆದ್ರೆ ತೊಂದ್ರೆ ಇದಲ್ಲ, ಕಿಲುಬಿನದ್ದಾದ್ರೆ ಹೊತ್ತು ನೋಡಿ ಬರುದಿಲ್ಲ, ಯಾವಾಗ ಬೇಕಾದ್ರೂ ಬರ್ತದೆ ಅಂತ ಅವನೇ ಹೇಳಿದ.

ಆಮೇಲೆ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆಗ್ದು ಎಲ್‌ಎಸ್‌ಯುಎಸ್‌ಬಿ ಅಂತ ಹೊಡೆದ. ಸಿಸ್ಟಮಿಗೆ ಯಾವ್ಯಾವ ಯುಎಸ್‌ಬಿ ಸಾಧನ ಕಾಣ್ತಾ ಉಂಟು ಅಂತ ಪಟ್ಟಿ ಬರ್ತದೆ, ಮೌಸ್ ಸತ್ತಿರುವಾಗಲೂ ರಿಸೀವರ್ ಅದರಲ್ಲಿ ಇತ್ತು. ಅಂದ್ರೆ ಪೋರ್ಟು ಸರಿ, ರಿಸೀವರ್ ಸತ್ತಿಲ್ಲ, ಡ್ರೈವರ್ ಇಲ್ಲ ಅನ್ನುವ ಪ್ರಶ್ನೆಯೂ ಇಲ್ಲ. ಇಂಥ ಮೌಸಿಗೆ ಲಿನಕ್ಸಲ್ಲಿ ಬೇರೆ ಡ್ರೈವರ್ ಹಾಕ್ಲಿಕ್ಕೇ ಇಲ್ಲ, ಕರ್ನಲ್ ಅಂದ್ರೆ ಲಿನಕ್ಸಿನ ಮೂಲ ಭಾಗ, ಅದರಲ್ಲೇ ಬರ್ತದೆ. ಹಾಗಾದ್ರೆ ಉಳಿದದ್ದು ಎರಡೇ, ರಿಸೀವರ್ ನಿದ್ದೆ ಮಾಡ್ತಾ ಉಂಟು ಅಥವಾ ರೇಡಿಯೋ ಸಿಗ್ನಲ್ ತಲುಪ್ತಾ ಇಲ್ಲ. ನನ್ನದ್ರಲ್ಲಿ ಎರಡೂ ಇತ್ತು ಮಾರಾಯ್ರೆ, ಬೆಳಿಗ್ಗೆದು ಒಂದು, ಸಂಜೆದು ಇನ್ನೊಂದು. ಎರಡನ್ನೂ ಒಂದೇ ಅಂತ ತಿಳ್ಕೊಂಡು ನೋಡಿದ್ರೆ ಯಾರಿಗೂ ಸಿಕ್ಕುದಿಲ್ಲ.

ಬೆಳಿಗ್ಗೆದು ಮೊದಲು. ಸಿಸ್ ಅನ್ನುವ ಫೋಲ್ಡರಿನೊಳಗೆ ಪ್ರತಿ ಯುಎಸ್‌ಬಿ ಸಾಧನಕ್ಕೂ ಪವರ್ ಕಂಟ್ರೋಲ್ ಅಂತ ಒಂದು ಫೈಲ್ ಇರ್ತದೆ, ಅದರಲ್ಲಿ ಒಂದೇ ಪದ, ಒಂದೋ ಆನ್ ಅಥವಾ ಆಟೋ. ಆನ್ ಇದ್ರೆ ಸಾಧನ ಯಾವಾಗಲೂ ಎಚ್ಚರ, ಆಟೋ ಇದ್ರೆ ಕೆಲಸ ಇಲ್ಲದಾಗ ಕರ್ನಲ್ ಅದನ್ನು ಮಲಗಿಸ್ಬಹುದು, ಡೀಫಾಲ್ಟ್ ಆಗಿ ಬರೀ 2 ಸೆಕೆಂಡಲ್ಲಿ. ಸಾಮಾನ್ಯವಾಗಿ ಲಿನಕ್ಸ್ ಮೌಸಿನಂಥದ್ದನ್ನು ಆನ್‌ನಲ್ಲೇ ಇಡ್ತದೆ, ನನ್ನದ್ರಲ್ಲಿ ಆಟೋ ಅಂತ ಇತ್ತು. ಯಾಕೆ ಅಂತ ಹುಡುಕಿದ್ರೆ ಸಿಸ್ಟಮ್ ಸೆಟ್ ಮಾಡಿ ಕೊಟ್ಟವ್ರು ಮಳೆಗಾಲದಲ್ಲಿ ಕರೆಂಟ್ ಹೋದಾಗ ಇನ್ವರ್ಟರ್ ಜಾಸ್ತಿ ಹೊತ್ತು ಬರ್ಲಿ ಅಂತ ಪವರ್‌ಟಾಪ್ ಅನ್ನುವ ಕರೆಂಟ್ ಉಳಿಸುವ ಸಾಫ್ಟ್‌ವೇರ್ ಹಾಕಿ, ಬೂಟ್ ಆಗುವಾಗ ಅದರ ಆಟೋ ಟ್ಯೂನ್ ತಾನಾಗಿ ನಡೀಲಿಕ್ಕೆ ಒಂದು ಸರ್ವಿಸ್ ಮಾಡಿಟ್ಟಿದ್ರು. ಅದು ಕಂಡ ಎಲ್ಲಾ ಸಾಧನವನ್ನೂ ಆಟೋ ಮಾಡಿ ಬಿಡ್ತದೆ. ಮಲಗಿದ ರಿಸೀವರ್ ಮೌಸ್ ಅಲ್ಲಾಡಿಸಿದ್ರೆ ಏಳ್ಬೇಕು, ಕೆಲವು ಏಳುದೇ ಇಲ್ಲ, ಕೆಲವು ಕ್ಲಿಕ್ ಮಾಡಿದ್ರೆ ಮಾತ್ರ ಏಳ್ತವೆ.

ತೆಗ್ದು ಹಾಕಿದ್ರೆ ಸಂಜೆವರೆಗೆ ಯಾಕೆ ಸರಿ ಇರ್ತದೆ ಅಂತ ನಾನು ಕೇಳಿದೆ. ಅವನು ಹೇಳುದು, ತೆಗ್ದು ಹಾಕಿದ ಕೂಡ್ಲೆ ಕರ್ನಲಿಗೆ ಅದು ಹೊಸ ಸಾಧನ, ಪುನಃ ಡೀಫಾಲ್ಟಿಗೆ ಅಂದ್ರೆ ಆನ್‌ಗೆ ಬರ್ತದೆ, ಪವರ್‌ಟಾಪ್ ನಡಿಯುದು ಬೂಟಲ್ಲಿ ಒಂದು ಸಲ ಮಾತ್ರ, ಹಾಗಾಗಿ ಮರುದಿನ ಬೆಳಿಗ್ಗೆವರೆಗೆ ಈ ತೊಂದ್ರೆ ಇಲ್ಲ. ಕೇಳಿದ ಕೂಡ್ಲೆ ಎಲ್ಲಾ ತಾಳೆ ಆಯ್ತು. ಕೀಬೋರ್ಡ್ ಯಾಕೆ ಒಂದು ದಿನವೂ ಕೈ ಕೊಡ್ಲಿಲ್ಲ ಅಂತ ಸಹ ಗೊತ್ತಾಯ್ತು, ಅದು ಹಳೇ ರೌಂಡ್ ಪಿನ್ನಿನ ಪಿಎಸ್ ಟು ಕೀಬೋರ್ಡ್, ಯುಎಸ್‌ಬಿಯೇ ಅಲ್ಲ. ಆ ಸರ್ವಿಸ್ ಡಿಸೇಬಲ್ ಮಾಡಿದ. ಡೆಸ್ಕ್‌ಟಾಪಲ್ಲಿ ಇನ್ವರ್ಟರ್ ಬ್ಯಾಟರಿ ತಿನ್ನುದು ಮಾನಿಟರ್ ಮತ್ತೆ ಪ್ರೊಸೆಸರ್, ರಿಸೀವರ್ ಮಲಗಿಸಿ ಉಳಿಯುದು ಏನೂ ಇಲ್ಲ, ಬೇಕಾದ್ರೆ ಸ್ಕ್ರೀನಿನ ಬ್ರೈಟ್‌ನೆಸ್ ಕಡಿಮೆ ಮಾಡಿ ಅಣ್ಣ ಅಂದ.

ಸಂಜೆದ್ದನ್ನು ಅವನು ತೋರಿಸಿದ ರೀತಿ ನನಗೆ ಮರೀಲಿಕ್ಕೆ ಆಗುದಿಲ್ಲ. ಫೋಟೋದಲ್ಲಿ ಇದ್ದ ಹಾಗೆಯೇ ಎಲ್ಲಾ ಹಾಕಿದ, ಹಿಂದೆ ನೀಲಿ ಬಣ್ಣದ ಎರಡು ಯುಎಸ್‌ಬಿ 3.0 ಪೋರ್ಟು, ಒಂದರಲ್ಲಿ ರಿಸೀವರ್, ಅದಕ್ಕೆ ತಾಗಿಕೊಂಡೇ ಇನ್ನೊಂದರಲ್ಲಿ ಬ್ಯಾಕಪ್‌ನ ಹಾರ್ಡ್ ಡಿಸ್ಕ್. ಒಂದು ದೊಡ್ಡ ಫೋಲ್ಡರನ್ನು ಡಿಸ್ಕಿಗೆ ಕಾಪಿ ಹಾಕಿ ಮೌಸ್ ನನ್ನ ಕೈಗೆ ಕೊಟ್ಟು ಸ್ಕ್ರೀನಿನ ಮೇಲೆ ವೃತ್ತ ಬರೀರಿ ಅಂದ. ವೃತ್ತ ಬರ್ಲೇ ಇಲ್ಲ, ಪಾಯಿಂಟರ್ ಅಲ್ಲಿ ನಿಂತು ಇಲ್ಲಿ ಹಾರಿ ಒಂದು ಕಡೆ ಪೂರ್ತಿ ನಿಂತೇ ಹೋಯ್ತು. ಕಾಪಿ ನಿಲ್ಲಿಸಿದ, ನನ್ನ ಕೈ ಇನ್ನೂ ತಿರುಗಿಸ್ತಾ ಇರುವಾಗಲೇ ಪಾಯಿಂಟರ್ ನುಣ್ಣಗೆ ಸುತ್ತು ಹಾಕ್ಲಿಕ್ಕೆ ಶುರು. ಪುನಃ ಕಾಪಿ ಹಾಕಿದ, ಪುನಃ ಅದೇ. ಆಮೇಲೆ ಒಂದು ಸಾದಾ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲನ್ನು ಎದುರಿನ ಕಪ್ಪು ಪೋರ್ಟಿಗೆ ಸಿಕ್ಕಿಸಿ ರಿಸೀವರನ್ನು ಮೇಜಿನ ಮೇಲೆ ತಂದಿಟ್ಟ, ಕಾಪಿ ನಡೀತಾ ಇದ್ರೂ ವೃತ್ತ ವೃತ್ತವೇ.

ಇದು ಲಿನಕ್ಸಿಗೆ ಸಂಬಂಧಪಟ್ಟದ್ದೇ ಅಲ್ಲ. ಯುಎಸ್‌ಬಿ 3.0ರಲ್ಲಿ ಡೇಟಾ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹೋಗುವಾಗ ಪೋರ್ಟು, ಕೇಬಲು, ಡಿಸ್ಕಿನಿಂದ ರೇಡಿಯೋ ಗಲಾಟೆ ಹೊರಗೆ ಬರ್ತದೆ, ಅದು ಸರೀ 2.4 ಗಿಗಾಹರ್ಟ್ಸ್ ಜಾಗಕ್ಕೇ ಬೀಳ್ತದೆ, ಮೌಸು ಮಾತಾಡುದೂ ಅಲ್ಲೇ. ಇಂಟೆಲ್ ಕಂಪನಿಯವ್ರೇ 2012ರಲ್ಲಿ ಇದನ್ನು ಅಳೆದು ಬರೆದು ಹಾಕಿದ್ದಾರೆ. ಹಾಗಾಗಿ ಆ ಹೊತ್ತಿಗೆ ವಿಂಡೋಸ್ ಇದ್ದಿದ್ರೂ ಮೌಸ್ ನಿಲ್ತಿತ್ತು. ದೊಡ್ಡ ಅಂಗಡಿಯ ಲ್ಯಾಪ್‌ಟಾಪಲ್ಲಿ ಸರಿ ನಡೆದದ್ದು ಪಕ್ಕದಲ್ಲಿ ಡಿಸ್ಕ್ ಇಲ್ಲದ ಕಾರಣ, ಅಷ್ಟೆ. ಗಮನಿಸ್ಬೇಕಾದ್ದು ಎಂತ ಅಂದ್ರೆ ರಿಸೀವರನ್ನು ಕಪ್ಪು ಪೋರ್ಟಿಗೆ ಹಾಕಿದ್ರೆ ಮಾತ್ರ ಸಾಕಾಗ್ಲಿಕ್ಕಿಲ್ಲ, ಡಿಸ್ಕಿಗೆ ತಾಗಿ ಇದ್ರೆ ಆಗಲೂ ತೊಂದ್ರೆಯೇ, ದೂರ ಮುಖ್ಯ. ಸಿಪಿಯುವಿನ ತಗಡಿನ ಹಿಂದೆ ಅಡಗಿದ್ರೆ ಮತ್ತೂ ಕಷ್ಟ.

ಈ ಹುಡುಗನಿಗೆ ಇದೆಲ್ಲಾ ಎಲ್ಲಿಂದ ಅಂತ ಕೇಳಿದ್ರೆ, ಸರ್ಕಾರಿ ಹೈಸ್ಕೂಲಲ್ಲಿ ಕನ್ನಡ ಮೀಡಿಯಮಲ್ಲಿ ಓದಿದವ, ಲಿಟಲ್ ಕೈಟ್ಸ್ ಕ್ಲಬ್ಬಿನಲ್ಲಿ ಇದ್ದನಂತೆ. ಹೊರಗಿನವ್ರಿಗೆ ಗೊತ್ತಿರ್ಲಿಕ್ಕಿಲ್ಲ, ಕೇರಳದ ಶಾಲೆಗಳಲ್ಲಿ ಐಟಿ ಪಾಠ, ಪರೀಕ್ಷೆ ಎಲ್ಲಾ ಲಿನಕ್ಸಿನಲ್ಲೇ. ಮೊದಲು ಐಟಿ ಅಟ್ ಸ್ಕೂಲ್ ಅಂತ ಇದ್ದ ಸರ್ಕಾರಿ ಯೋಜನೆ 2017ರಲ್ಲಿ ಕೈಟ್ ಅನ್ನುವ ಸಂಸ್ಥೆ ಆಯ್ತು, 2018ರಲ್ಲಿ ಮಕ್ಕಳ ಈ ಕ್ಲಬ್ಬು ಶುರುವಾಯ್ತು, ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ಳುದರಲ್ಲಿ ಆ ಮಕ್ಕಳದ್ದೂ ಕೈ ಇರ್ತದೆ. ನಮ್ಮ ಜಿಲ್ಲೆಯಲ್ಲಿ ಹತ್ತನೇ ಕ್ಲಾಸ್ ಮುಗಿಸಿದ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ, ಆದ್ರೂ ಪೇಟೆಯ ಅಂಗಡಿಗಳಲ್ಲಿ ಲಿನಕ್ಸ್ ಅಂದ್ರೆ ದೂರ ಇಡ್ತಾರೆ. ಶಾಲೆಯಲ್ಲಿ ಕಲಿತದ್ದನ್ನು ಒಬ್ಬ ಅಂಗಡಿಗೆ ತಂದು ಅದರಲ್ಲೇ ಊಟ ಸಂಪಾದಿಸುದು ನೋಡುವಾಗ ನಿಜವಾಗಿ ಖುಷಿಯಾಗ್ತದೆ.

ನಾನು ಇರುವಾಗಲೇ ಪೆರ್ಲ ಕಡೆಯ ಒಬ್ಬರು ಬ್ಲೂಟೂತ್ ಮೌಸ್ ತಂದಿದ್ರು, ಅದರ ಕಥೆ ಬೇರೆ. ಒಂದೇ ಸಿಸ್ಟಮಲ್ಲಿ ವಿಂಡೋಸ್, ಲಿನಕ್ಸ್ ಎರಡೂ, ಒಂದರಲ್ಲಿ ಪೇರ್ ಮಾಡಿದ್ರೆ ಇನ್ನೊಂದರಲ್ಲಿ ಕನೆಕ್ಟ್ ಆಗುದಿಲ್ಲ. ಎರಡಕ್ಕೂ ಬ್ಲೂಟೂತ್ ಅಡಾಪ್ಟರ್ ವಿಳಾಸ ಒಂದೇ, ಆದ್ರೆ ಪೇರ್ ಮಾಡುವಾಗ ಹುಟ್ಟುವ ಗುಟ್ಟಿನ ಕೀ ಬೇರೆ ಬೇರೆ, ಮೌಸ್ ಕೊನೆಗೆ ಬಂದದ್ದನ್ನು ಮಾತ್ರ ನೆನಪಿಟ್ಕೊಳ್ತದೆ. ಎರಡೂ ಕಡೆ ಒಂದೇ ಕೀ ಇರುವ ಹಾಗೆ ಮಾಡಿ ಕೊಡ್ತೇನೆ, ನಾಳೆ ಬನ್ನಿ ಅಂದ. ಲಿನಕ್ಸ್ ಒಂದೇ ಇದ್ದು ಪ್ರತಿ ಬೂಟಿಗೂ ಕೈಯಲ್ಲಿ ಕನೆಕ್ಟ್ ಮಾಡ್ಬೇಕಾದ್ರೆ ಟರ್ಮಿನಲಲ್ಲಿ ಬ್ಲೂಟೂತ್‌ಸಿಟಿಎಲ್ ಅನ್ನುವ ಕಮಾಂಡಿನಲ್ಲಿ ಪೇರ್ ಆದ ಮೇಲೆ ಟ್ರಸ್ಟ್ ಕೊಟ್ಟಿದ್ದೀರಾ ನೋಡಿ, ಬ್ಲೂಟೂತೇ ಆನ್ ಆಗದಿದ್ರೆ ಅಲ್ಲೇ ಆರ್‌ಎಫ್‌ಕಿಲ್ ಲಿಸ್ಟ್ ಅಂತ ಹೊಡೆದು ಬ್ಲಾಕ್ ಆಗಿದೆಯಾ ನೋಡಿ. ಇಷ್ಟು ಮನೆಯಲ್ಲೇ ಆಗ್ತದೆ.

ಮುಂದೆ ಹೊಸತು ತಗೊಳ್ಳುವಾಗ ಎಂಥದ್ದು ಒಳ್ಳೇದು ಅಂತ ಸಹ ಕೇಳಿದೆ, ಮಾರ್ಲಿಕ್ಕೆ ನೋಡ್ಲೇ ಇಲ್ಲ, ಮೌಸ್ ನೋಡಿ ತಗೊಳ್ಬೇಡಿ ಅಣ್ಣ, ರಿಸೀವರ್ ನೋಡಿ ತಗೊಳ್ಳಿ ಅಂದ. ಲಾಜಿಟೆಕ್‌ನ ಯೂನಿಫೈಯಿಂಗ್ ರಿಸೀವರ್ ಆದ್ರೆ ಒಂದಕ್ಕೇ 6 ಸಾಧನ ಪೇರ್ ಮಾಡ್ಬಹುದು, ಲಿನಕ್ಸಲ್ಲಿ ಸೊಲಾರ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಹಾಕಿದ್ರೆ ಯಾವ ಮೌಸ್ ಪೇರ್ ಆಗಿದೆ, ಬ್ಯಾಟರಿ ಎಷ್ಟುಂಟು ಎಲ್ಲಾ ಕಾಣ್ತದೆ, ಪೇರಿಂಗ್ ಬಿಟ್ಟು ಹೋದ್ರೆ ಅಲ್ಲೇ ಪುನಃ ಮಾಡ್ಲಿಕ್ಕೂ ಆಗ್ತದೆ. ಅನೇಕ ಅಗ್ಗದ ಮೌಸುಗಳಲ್ಲಿ ರಿಸೀವರ್ ಕಳ್ದು ಹೋದ್ರೆ ಮೌಸನ್ನೂ ಬಿಸಾಡ್ಬೇಕು. ಅವನ ಅಂಗಡಿಯ ಸಿಸ್ಟಮಲ್ಲೇ ಸೊಲಾರ್ ತೆರೆದು ತೋರಿಸಿದ, ನನಗೆ ತುಂಬಾ ಇಷ್ಟ ಆಯ್ತು, ತೊಂದ್ರೆ ಎಲ್ಲಿ ಅಂತ ಕಣ್ಣಿಗೆ ಕಾಣ್ತದಲ್ಲ, ಅದು ದೊಡ್ಡದು.

ಚಾರ್ಜ್ ಮಾಡಿದ್ದು ನೂರೈವತ್ತು ರೂಪಾಯಿ, ಕೇಬಲಿಗೆ ಬೇರೆ. ಮಾಡಿದ್ದನ್ನೆಲ್ಲಾ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೊಟ್ಟ, ಯಾವ ಸರ್ವಿಸ್ ನಿಲ್ಲಿಸಿದ್ದು, ಪುನಃ ಬೇಕಾದ್ರೆ ಹೇಗೆ ಶುರು ಮಾಡುದು ಅಂತ. ಇಂಥ ಚೀಟಿ ಬೇರೆ ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ. ಮೌಸ್ ಈಗ ಬೆಳಿಗ್ಗೆಯೂ ಸರಿ, ಬ್ಯಾಕಪ್ ಹೊತ್ತಿಗೂ ಸರಿ, ಅದೇ ಹಳೇ ಮೌಸ್.

ಅರ್ಧ ಸ್ಟಾರ್ ಕಡಿಮೆ ಯಾಕೆ ಅಂದ್ರೆ ಕೂರ್ಲಿಕ್ಕೆ ಜಾಗ ಇಲ್ಲ, ವಯಸ್ಸಾದವ್ರಿಗೆ ಕಷ್ಟ. ಫೋನ್ ಒಂದೊಂದ್ಸಲ ತೆಗೆಯುದೇ ಇಲ್ಲ. ಮನೆಗೆ ಬಂದು ನೋಡುದಿಲ್ಲ, ನೀರ್ಚಾಲು, ಮುಳ್ಳೇರಿಯ ಕಡೆಯವ್ರು ಸಿಪಿಯು ಹೊತ್ಕೊಂಡೇ ಹೋಗ್ಬೇಕು, ಮಳೆಗಾಲ ಆದ್ರೆ ಪ್ಲಾಸ್ಟಿಕ್ ಸುತ್ತಿ ತಗೊಂಡು ಹೋಗಿ. ಆದಿತ್ಯವಾರ ರಜೆ. ಹೋಗುವಾಗ ಮೌಸಿನ ಜೊತೆ ರಿಸೀವರ್, ಸಿಪಿಯು, ಅದಕ್ಕೆ ಯಾವಾಗಲೂ ಸಿಕ್ಕಿಸಿ ಇಡುವ ಡಿಸ್ಕು ಪೆನ್‌ಡ್ರೈವು ಎಲ್ಲಾ ಇರ್ಲಿ, ಹಿಂದಿನ ಪೋರ್ಟುಗಳ ಫೋಟೋ ಬಿಚ್ಚುವ ಮೊದಲೇ ತೆಗ್ದಿಡಿ, ಮತ್ತೆ ಮೌಸ್ ನಿಲ್ಲುದು ಯಾವ ಹೊತ್ತಿಗೆ ಅಂತ ನೋಡಿಟ್ಕೊಂಡು ಹೋಗಿ, ಮೊದಲು ಅದನ್ನೇ ಕೇಳ್ತಾನೆ.